ನುಚ್ಚಿನ ಪಾಲು

(ತುಮಕೂರಿನಲ್ಲಿ ಗೆಳೆಯರ ಬಳಗವೊಂದು ಊಟದ ಬಗ್ಗೆ ಇಟ್ಟುಕೊಂಡಿದ್ದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಬಗ್ಗೆ ಮಾತನಾಡಲು ನಿಲ್ಲಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಗಡಿಯಾರ ನೋಡಿಕೊಂಡರು. ಬೇಗ ಮುಗಿಸುತ್ತೇನೆ ಎಂದು ಭರವಸೆ ಕೊಡಲಾರೆ. ನಾನು ಮೂವತ್ತು ವರ್ಷ ಪಾಠ ಮಾಡಿದವನು, ಗಂಟೆ ಹೊಡೆಯುವವರೆಗೆ ನಿಲ್ಲಿಸಿ ಅಭ್ಯಾಸವಿಲ್ಲ.

ಎರಡು ತಿಂಗಳ ಹಿಂದೆ ನನ್ನ ಹುಟ್ಟುಹಬ್ಬಕ್ಕೆಂದು ಮಗಳು ಹೊರಗೆ ಊಟಕ್ಕೆ ಕರೆದುಕೊಂಡು ಹೋದಳು. "ಹಳೆಯ ಅಕ್ಕಿ ಗಿರಣಿಯನ್ನು ಹೋಟೆಲು ಮಾಡಿದ್ದಾರೆ, ಬೆಚ್ಚಗೆ, ಮನೆಯ ಹಾಗೆ ಇದೆ" ಎಂದಳು. ಕಾರು ಕುಣಿಗಲ್ ರಸ್ತೆಯ ಕಡೆ ತಿರುಗಿದಾಗ ಸಣ್ಣ ಅನುಮಾನ ಬಂತು. ಗೇಟಿನ ಕಲ್ಲುಕಂಬ ಕಂಡಾಗ ಅನುಮಾನ ಉಳಿಯಲಿಲ್ಲ. ನನ್ನ ತಂದೆ ಹತ್ತೊಂಬತ್ತು ವರ್ಷ ಡ್ರೈವರ್ ಆಗಿದ್ದ ಗಿರಣಿ ಅದು. ಗಿರಣಿಯಲ್ಲಿ ಡ್ರೈವರ್ ಎಂದರೆ ಲಾರಿ ಓಡಿಸುವವನಲ್ಲ, ಎಂಜಿನ್ ನೋಡಿಕೊಳ್ಳುವವನು. ಮಗಳಿಗೆ ಇದು ಗೊತ್ತಿರಲಿಲ್ಲ. ಅವಳು ಹುಟ್ಟುವ ಹೊತ್ತಿಗೆ ಗಿರಣಿಗೆ ಬೀಗ ಬಿದ್ದಿತ್ತು, ನಾನೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥದ್ದು ಎಂದು ಅನ್ನಿಸಿರಲಿಲ್ಲ, ಅಷ್ಟೇ.

ಹುಟ್ಟುಹಬ್ಬ ಎಂದು ತಿಳಿದು ಅವರು ಒಳ್ಳೆಯ ಮೇಜು ಕೊಟ್ಟರು. ಆ ಮೇಜು ಇರುವುದು ಎಂಜಿನ್ ಗುಂಡಿಯ ಮೇಲೆ. ಗುಂಡಿಗೆ ದಪ್ಪ ಗಾಜು ಮುಚ್ಚಿ, ಒಳಗೆ ಬಿಳಿ ಜಲ್ಲಿ ಸುರಿದು, ಹಳದಿ ದೀಪ ಇಟ್ಟಿದ್ದಾರೆ. ಗಾಜಿನ ಅಡಿಯಲ್ಲಿ, ನನ್ನ ಚಪ್ಪಲಿಯ ನೇರಕ್ಕೆ, ಎಂಜಿನ್ನನ್ನು ನೆಲಕ್ಕೆ ಬಿಗಿದಿದ್ದ ನಾಲ್ಕು ಬೋಲ್ಟುಗಳು ಹಾಗೆಯೇ ಇದ್ದವು. ಅವುಗಳಲ್ಲಿ ಒಂದರ ತಲೆ ಓರೆ. ಅದನ್ನು ಬಿಗಿಯುವಾಗ ಸ್ಪ್ಯಾನರ್ ಜಾರಿ ತಂದೆಯ ಹೆಬ್ಬೆರಳಿನ ಉಗುರು ಹೋಗಿತ್ತು. ಆ ಬೋಲ್ಟಿನ ಮೇಲೆ ಕಾಲಿಟ್ಟುಕೊಂಡು ನಾನು ಟೊಮೆಟೊ ಸೂಪು ಕುಡಿದೆ.

ಹೋಟೆಲನ್ನು ಬಯ್ಯಲು ಬಂದಿದ್ದೇನೆ ಎಂದು ಭಾವಿಸಬೇಡಿ. ಕೋಣೆ ನಿಜಕ್ಕೂ ಚೆನ್ನಾಗಿದೆ. ಎರಡು ಅಡಿ ದಪ್ಪದ ಕಲ್ಲುಗೋಡೆಯ ಮೇಲಿದ್ದ ಸುಣ್ಣವನ್ನು ಕೆರೆದು ಕಲ್ಲು ಕಾಣುವಂತೆ ಮಾಡಿದ್ದಾರೆ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಬಯಲುಸೀಮೆಯ ಗಿರಣಿ, ಶಾಲೆ, ರೈಲು ನಿಲ್ದಾಣಗಳೆಲ್ಲ ಒಂದೇ ಟೋಪಿ ಹಾಕಿಕೊಂಡವಲ್ಲ, ಆ ಹೆಂಚು. ನಡುನಡುವೆ ಇದ್ದ ಗಾಜಿನ ಹೆಂಚುಗಳನ್ನೂ ಉಳಿಸಿದ್ದಾರೆ. ನಾನು ಹುಡುಗನಾಗಿದ್ದಾಗ ಆ ಗಾಜಿನಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ತೌಡಿನ ಧೂಳು ಕುಣಿಯುತ್ತಿತ್ತು. ಈಗ ಗಾಳಿ ಚೊಕ್ಕಟವಾಗಿದೆ. ಇದು ಒಳ್ಳೆಯದೇ. ಆ ಧೂಳನ್ನು ಕುಡಿದವರ ಕೆಮ್ಮು ಕೇಳಿಸಿಕೊಂಡು ಬೆಳೆದವನು ನಾನು.

ಮಗಳು 'ಬೆಚ್ಚಗೆ' ಎಂದಳಲ್ಲ, ಅದು ಅಂದಿಗೂ ಸಲ್ಲುವ ಮಾತು. ಎಂಜಿನ್ ಇಂಗ್ಲೆಂಡಿನ ಲಿಂಕನ್ ಊರಿನ ರಸ್ಟನ್ ಹಾರ್ನ್ಸ್‌ಬಿ ಕಂಪನಿಯದು. ಒಂದೇ ಸಿಲಿಂಡರು, ಆಳೆತ್ತರದ ಗಾಲಿ. ಅದನ್ನು ತಣ್ಣಗಾಗಿಸಿ ಹೊರಬಂದ ನೀರು ಹೊರಗಿನ ತೊಟ್ಟಿಗೆ ಬೀಳುತ್ತಿತ್ತು. ಮಾರ್ಗಶಿರದ ಚಳಿಯಲ್ಲಿ ಭತ್ತದ ಗಾಡಿ ಹೊಡೆದುಕೊಂಡು ಬಂದವರು ಆ ತೊಟ್ಟಿಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು, ಅದೇ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ಹೊಗೆಕೊಳವೆಯ ಬಾಯಿಗೆ ತಗಡಿನ ಡಬ್ಬ ಸಿಕ್ಕಿಸಿದ್ದರಿಂದ ಎಂಜಿನ್ 'ಕುಕ್, ಕುಕ್, ಕುಕ್' ಎಂದು ಕೂಗುತ್ತಿತ್ತು. ಗಿರಣಿ ಶುರುವಾಗಿದೆ ಎಂದು ಊರಿಗೆ ತಿಳಿಯುತ್ತಿದ್ದದ್ದು ಆ ಕೂಗಿನಿಂದ. ಇಲ್ಲಿ ನನ್ನ ವಯಸ್ಸಿನವರು ಕೆಲವರು ತಲೆಯಾಡಿಸುತ್ತಿದ್ದೀರಿ. ಕುಣಿಗಲ್ ದೊಡ್ಡಕೆರೆಯ ಹಿಂದಿನ ಗದ್ದೆಗಳಿಂದ, ಮಾರ್ಕೋನಹಳ್ಳಿ ಅಚ್ಚುಕಟ್ಟಿನಿಂದ ಗಾಡಿಗಳು ಬರುತ್ತಿದ್ದವು. ರಾತ್ರಿ ಬಂದವರು ಗಿರಣಿಯ ಅಂಗಳದಲ್ಲೇ ಎತ್ತು ಬಿಚ್ಚಿ ಮಲಗುತ್ತಿದ್ದರು.

ಈಗ ನನ್ನ ಅವಿವೇಕದ ಪ್ರಸಂಗ. ಬಾಗಿಲ ಬಳಿ ಒಂದು ಹಳೆಯ ಯಂತ್ರವನ್ನು ಕಪ್ಪು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಹಿತ್ತಾಳೆಯ ಫಲಕ: 'ಹಳೆಯ ಕಾಫಿ ಯಂತ್ರ'. ನನಗೆ ತಡೆಯಲಾಗಲಿಲ್ಲ. ಬಡಿಸುವ ಹುಡುಗನನ್ನು ಕರೆದು, "ಇದು ಕಾಫಿ ಯಂತ್ರವಲ್ಲಪ್ಪ, ಹಲ್ಲರ್. ಭತ್ತದಿಂದ ಅಕ್ಕಿ ಮಾಡುವ ಯಂತ್ರ. ಅಕ್ಕಿ ಗಿರಣಿಯೊಳಗೆ ಕಾಫಿ ಎಲ್ಲಿಂದ ಬಂತು?" ಎಂದು ಮೇಷ್ಟರ ದನಿಯಲ್ಲಿ ಕೇಳಿದೆ. ಅವನು ವಿನಯದಿಂದ "ಸರಿ ಸರ್" ಎಂದ. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಮನೆಗೆ ಬಂದ ಮೇಲೆ ತಿಳಿಯಿತು. ಆ ಯಂತ್ರವನ್ನು ಕಂಡುಹಿಡಿದವನು ಬ್ರೆಜಿಲ್ ದೇಶದ ಎಂಗೆಲ್‌ಬರ್ಗ್ ಎಂಬ ಎಂಜಿನಿಯರ್, 1885ರಲ್ಲಿ. ಅವನು ಅದನ್ನು ಮಾಡಿದ್ದು ಕಾಫಿ ಬೀಜದ ಸಿಪ್ಪೆ ಬಿಡಿಸಲು! ಆಮೇಲೆ ಅಮೆರಿಕದ ಸಿರಾಕ್ಯೂಸ್ ಊರಿನಲ್ಲಿ ಅದರ ತಯಾರಿಕೆ ಶುರುವಾಗಿ, ಭತ್ತಕ್ಕೂ ಬಳಕೆಯಾಗಿ, ಏಷ್ಯಾದ ಹಳ್ಳಿಹಳ್ಳಿಗೆ ಹಬ್ಬಿತು. ಫಲಕ ಬರೆದವರಿಗೆ ಇದು ತಿಳಿದಿತ್ತೋ, ಕುರುಡುಗಲ್ಲು ತಾಗಿತೋ ನನಗೆ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಆ ಯಂತ್ರ ಓಡಿಸಿದವರ ಮಗನಾಗಿ ನಾನು ಹಾಗೆ ಗದರಬಾರದಿತ್ತು.

ಆದರೆ ಹಲ್ಲರ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ನಾನು ಹೇಳಲೇಬೇಕು, ಏಕೆಂದರೆ ನನ್ನ ಇಂದಿನ ಮಾತು ನಿಂತಿರುವುದು ಅದರ ಮೇಲೆ. ಒಳಗೆ ಏಣುಗಳಿರುವ ಎರಕದ ಉರುಳೆ. ಅದರ ಅಡಿಯಲ್ಲಿ ತೂತುಗಳ ಜಾಲರಿ. ಪಕ್ಕದಲ್ಲಿ ಒಂದು ಉಕ್ಕಿನ ಪಟ್ಟಿ, ನಾವು ಅದಕ್ಕೆ ಬ್ಲೇಡ್ ಎನ್ನುತ್ತಿದ್ದೆವು. ಮೇಲಿನ ಬಾಯಿಗೆ ಭತ್ತ ಸುರಿದರೆ ಅದು ಉರುಳೆಗೂ ಪಟ್ಟಿಗೂ ನಡುವೆ ಸಿಕ್ಕಿ, ಕಾಳಿಗೆ ಕಾಳು ಉಜ್ಜಿ, ಮೈಮೇಲಿನದನ್ನು ಕಳಚಿಕೊಳ್ಳುತ್ತದೆ. ಹೊಟ್ಟು, ತೌಡು ಎರಡೂ ಬೆರೆತು ಜಾಲರಿಯಿಂದ ಕೆಳಗೆ ಬೀಳುತ್ತವೆ. ಅಕ್ಕಿ ಇನ್ನೊಂದು ಬಾಯಿಂದ ಹೊರಬರುತ್ತದೆ. ಪಟ್ಟಿಯನ್ನು ಕೂದಲಷ್ಟು ಹೆಚ್ಚು ಒತ್ತಿದರೆ ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ, ಆದರೆ ಮುರಿಯುತ್ತದೆ. ಸಡಿಲ ಬಿಟ್ಟರೆ ಕಾಳು ಇಡಿಯಾಗಿ ಉಳಿಯುತ್ತದೆ, ಆದರೆ ಭತ್ತ ಭತ್ತವಾಗಿಯೇ ಹೊರಬರುತ್ತದೆ. ತಂದೆ ಹೊರಬರುವ ಅಕ್ಕಿಯನ್ನು ಅಂಗೈಗೆ ಹಿಡಿದು, ಬಾಯಿಗೆ ನಾಲ್ಕು ಕಾಳು ಹಾಕಿ ಹಲ್ಲಿನಲ್ಲಿ ಕಡಿದು, ಆಮೇಲೆ ಪಟ್ಟಿಯ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದರು.

ಲೆಕ್ಕ ಹೀಗಿದೆ. 100 ಕೆ.ಜಿ ಭತ್ತದಲ್ಲಿ ಸುಮಾರು 20 ಕೆ.ಜಿ ಹೊಟ್ಟು, 8ರಿಂದ 10 ಕೆ.ಜಿ ತೌಡು, ಉಳಿದ 70ರ ಆಸುಪಾಸು ಅಕ್ಕಿ ಬರಬೇಕು. ಹಲ್ಲರಿನಲ್ಲಿ 65 ಸಿಕ್ಕರೆ ಪುಣ್ಯ. ಆ 65ರಲ್ಲೂ ದೊಡ್ಡ ಪಾಲು ನುಚ್ಚು. ಇದೇ ಕಾರಣಕ್ಕೆ ಸರ್ಕಾರಕ್ಕೆ ಹಲ್ಲರ್ ಎಂದರೆ ಆಗುತ್ತಿರಲಿಲ್ಲ. 1958ರಲ್ಲಿ ಗಿರಣಿಗಳ ನಿಯಂತ್ರಣಕ್ಕೆ ಕಾಯ್ದೆ ಬಂತು, ಆಮೇಲೆ ರಬ್ಬರ್ ರೋಲರಿನ ಹೊಸ ಯಂತ್ರ ಹಾಕಿ ಎಂಬ ಒತ್ತಾಯ ಬಂತು. ಹೊಸ ಯಂತ್ರದಲ್ಲಿ ಎರಡು ರಬ್ಬರ್ ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಹೊಟ್ಟನ್ನು ಮಾತ್ರ ಸುಲಿಯುತ್ತವೆ. ಅಕ್ಕಿ ಕಡಿಮೆ ಮುರಿಯುತ್ತದೆ. ತೌಡು ಹೊಟ್ಟಿನೊಡನೆ ಬೆರೆಯದೆ ಬೇರೆಯಾಗಿ ಸಿಗುತ್ತದೆ, ಅದರಿಂದ ಎಣ್ಣೆ ತೆಗೆಯುತ್ತಾರೆ. ವ್ಯರ್ಥ ಕೆಲಸಕ್ಕೆ 'ತೌಡು ಕುಟ್ಟುವುದು' ಎನ್ನುತ್ತಿದ್ದ ನಮ್ಮ ಹಿರಿಯರು ಈಗಿನ ಅಂಗಡಿಗೆ ಬಂದು ತೌಡಿನೆಣ್ಣೆಯ ಬೆಲೆ ಕೇಳಬೇಕು.

ನಾನು ಹೇಳಲು ಹೊರಟದ್ದು ನುಚ್ಚಿನ ವಿಷಯ. ಯಂತ್ರದ ಆ ಕುಂದಿನಿಂದಲೇ ಒಂದು ಊರಿನ ಹೊಟ್ಟೆ ತುಂಬುತ್ತಿತ್ತು.

ಗಿರಣಿಯ ಹಿಂಬದಿಯ ಚಾವಡಿಯಲ್ಲಿ ಎಂಟು ಹತ್ತು ಮಂದಿ ಹೆಂಗಸರು ಕೂರುತ್ತಿದ್ದರು. ಬಂದ ಅಕ್ಕಿಯನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಒನೆದು ನುಚ್ಚು ಬೇರೆ ಮಾಡುವುದು ಅವರ ಕೆಲಸ. ಒನೆಯುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮೊರವನ್ನು ಸ್ವಲ್ಪ ಓರೆ ಹಿಡಿದು ಮಣಿಕಟ್ಟಿನಿಂದ ಸಣ್ಣಗೆ ಅಲುಗಿಸಿದರೆ ಇಡಿಯ ಅಕ್ಕಿ ಒಂದು ಕಡೆಗೆ, ನುಚ್ಚು ಇನ್ನೊಂದು ಕಡೆಗೆ, ಕಲ್ಲು ಮೂಲೆಗೆ ಸರಿದು ನಿಲ್ಲುತ್ತವೆ. ಈಗ ಚೀಲದ ಮೇಲೆ 'ಸಾರ್ಟೆಕ್ಸ್' ಎಂದು ಅಚ್ಚಾಗಿರುತ್ತದಲ್ಲ, ಅಲ್ಲಿ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡಿ, ಕಪ್ಪಾದದ್ದನ್ನು ಗಾಳಿ ಊದಿ ಹಾರಿಸುತ್ತದೆ. ಆ ಹೆಂಗಸರ ಮಣಿಕಟ್ಟಿಗೆ ಕ್ಯಾಮೆರಾ ಬೇಕಿರಲಿಲ್ಲ. ಸಂಜೆ ಅವರಿಗೆ ಕೊಡುತ್ತಿದ್ದದ್ದು ಒಂದಿಷ್ಟು ಕಾಸು, ಜೊತೆಗೆ ಒಂದು ಸೇರು ನುಚ್ಚು. ಕಾಸಿನ ವಿಷಯದಲ್ಲಿ ಚೌಕಾಸಿ ನಡೆದದ್ದನ್ನು ನಾನು ನೋಡಿಲ್ಲ. ಸೇರಿನ ಮೇಲೆ ಗೋಪುರ ಬರುವಂತೆ ಅಳೆಯಬೇಕೋ, ಬೋಳಿಸಿ ಅಳೆಯಬೇಕೋ ಎಂಬುದಕ್ಕೆ ಮಾತ್ರ ದಿನಾ ಜಗಳ.

ನುಚ್ಚಿಗೆ ಗಿರಾಕಿಗಳು ಬೇರೆ ಇದ್ದರು. ಇಡ್ಲಿ ಮಾಡುವವರು ಗೋಣಿಚೀಲ ಹಿಡಿದು ಬರುತ್ತಿದ್ದರು. ತರಿಯಾಗಿರುವ ಅಕ್ಕಿ ಸಿಕ್ಕಿದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಹೊಗಳುವವರು ಬೆಣ್ಣೆಯನ್ನು ನೆನೆಯುತ್ತಾರೆ, ಚಟ್ನಿಯನ್ನು ನೆನೆಯುತ್ತಾರೆ. ಅಕ್ಕಿತರಿಯನ್ನು ಯಾರೂ ನೆನೆಯುವುದಿಲ್ಲ. ನಮ್ಮ ಮನೆಯಲ್ಲಿ ನುಚ್ಚಿನ ಉಪ್ಪಿಟ್ಟು, ನುಚ್ಚಿನ ಗಂಜಿ, ನುಚ್ಚು ಹಾಕಿದ ಮುದ್ದೆ. ಇಡಿ ಅಕ್ಕಿಯ ಅನ್ನ ಹಬ್ಬಕ್ಕೆ, ನೆಂಟರು ಬಂದಾಗ. 'ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ' ಎಂಬ ಗಾದೆ ಕೇಳಿ ನೀವು ನಗುತ್ತೀರಿ. ಅಕ್ಕಿ ಗಿರಣಿಯ ಡ್ರೈವರನ ಮನೆಯಲ್ಲಿ ಅದು ನಗುವ ಮಾತಾಗಿರಲಿಲ್ಲ.

ನಮ್ಮ ನುಡಿಯಲ್ಲೂ ನುಚ್ಚಿಗೆ ಒಳ್ಳೆಯ ಜಾಗವಿಲ್ಲ ನೋಡಿ. ಏನಾದರೂ ಹಾಳಾದರೆ 'ನುಚ್ಚುನೂರಾಯಿತು' ಎನ್ನುತ್ತೇವೆ. ವಿಯೆಟ್ನಾಮಿನ ಸೈಗಾನ್ ನಗರದಲ್ಲಿ ಬಡವರ ನುಚ್ಚಿನ ಅನ್ನವೇ ಊರಿನ ಹೆಮ್ಮೆಯ ತಿಂಡಿಯಾಗಿದೆ, 'ಕಾಂ ತಾಂ' ಎನ್ನುತ್ತಾರೆ. ಆಫ್ರಿಕಾದ ಸೆನೆಗಲ್‌ನಲ್ಲಿ ಮೀನು, ತರಕಾರಿ ಹಾಕಿ ಮಾಡುವ 'ಚೆಬು ಜೆನ್' ಎಂಬ ಅಡುಗೆಗೆ ನುಚ್ಚಕ್ಕಿಯೇ ಆಗಬೇಕು. ಫ್ರೆಂಚರ ಆಳ್ವಿಕೆಯಲ್ಲಿ ಇಂಡೋಚೀನಾದಿಂದ ಹಡಗಿನಲ್ಲಿ ಬಂದ ನುಚ್ಚು ಅಲ್ಲಿಯ ನಾಲಿಗೆಗೆ ಹತ್ತಿತು. 2021ರಲ್ಲಿ ಯುನೆಸ್ಕೊ ಆ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ನುಚ್ಚು ಸುದ್ದಿಯಾದದ್ದು ಬೇರೆ ಕಾರಣಕ್ಕೆ. ಕೋಳಿ ಮೇವಿಗೂ ಎಥೆನಾಲ್ ಕಾರ್ಖಾನೆಗೂ ಬೇಡಿಕೆ ಹೆಚ್ಚಿ ಬೆಲೆ ಏರಿದಾಗ, 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನುಚ್ಚಕ್ಕಿಯ ರಫ್ತನ್ನೇ ನಿಷೇಧಿಸಿತು. ಅಂದರೆ ಈಗ ಕೋಳಿ ತಿನ್ನುತ್ತದೆ, ಕಾರು ಕುಡಿಯುತ್ತದೆ.

ಮತ್ತೆ ಹೋಟೆಲಿಗೆ ಬರೋಣ. ಮೆನು ತೆರೆದರೆ 'ಗಿರಣಿಯ ವಿಶೇಷ' ಎಂಬ ತಲೆಬರಹದ ಕೆಳಗೆ ಬಾಸುಮತಿ ಪುಲಾವ್ ಇತ್ತು. ಬಾಸುಮತಿಗೆ 2016ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇಂಥ ಸೀಮೆಯದಕ್ಕೇ ಈ ಹೆಸರು ಎಂಬ ಕಾನೂನಿನ ಗುರುತು, ಸಿಕ್ಕಿದೆ. ಅದು ಪಂಜಾಬ್, ಹರಿಯಾಣ, ಹಿಮಾಲಯದ ತಪ್ಪಲಿನ ಸೀಮೆಯ ಅಕ್ಕಿ. ಆ ಗಿರಣಿಯ ಹಲ್ಲರಿಗೆ ಒಂದು ಹಿಡಿ ಬಾಸುಮತಿ ಹಾಕಿದ್ದರೆ ಅದರ ಉದ್ದನೆಯ ಕಾಳು ಮೂರು ತುಂಡಾಗಿ ಬರುತ್ತಿತ್ತು. ಪುಲಾವ್ ರುಚಿಯಾಗಿಯೇ ಇತ್ತು, ತಟ್ಟೆ ಖಾಲಿ ಮಾಡಿದೆ. ಹುರುಳಿಕಾಳಿನ ಬಸ್ಸಾರು ಅದಕ್ಕಿಂತ ಚೆನ್ನಾಗಿತ್ತು. ನನ್ನ ತಕರಾರು ರುಚಿಯ ಬಗ್ಗೆ ಅಲ್ಲ. ಗೋಡೆ, ಹೆಂಚು, ಬೋಲ್ಟುಗಳನ್ನು ಇಷ್ಟು ಆಸ್ಥೆಯಿಂದ ಉಳಿಸಿದವರು ಅಲ್ಲಿ ಏನು ಆಗುತ್ತಿತ್ತು, ಅದನ್ನು ಯಾರು ತಿನ್ನುತ್ತಿದ್ದರು ಎಂದು ಕೇಳಲೇ ಇಲ್ಲ.

ಹಳೆಯ ಗಿರಣಿಗೆ ಹೊಸ ಬಾಳು ಕೊಡುವುದಕ್ಕೆ ಹೊರದೇಶದಲ್ಲಿ ದೊಡ್ಡ ಉದಾಹರಣೆ ಇಂಗ್ಲೆಂಡಿನ ಸಾಲ್ಟ್ಸ್ ಮಿಲ್. ಟೈಟಸ್ ಸಾಲ್ಟ್ ಎಂಬ ಉಣ್ಣೆ ಉದ್ಯಮಿ 1853ರಲ್ಲಿ ಕಟ್ಟಿಸಿದ್ದು. ಅದು ಶುರುವಾದದ್ದೇ ಊಟದಿಂದ. ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಇನ್ನೂ ಯಂತ್ರ ಕೂರಿಸದ ಶೆಡ್ಡಿನಲ್ಲಿ ಸುಮಾರು 3,500 ಮಂದಿಗೆ, ಕೆಲಸಗಾರರನ್ನೂ ಸೇರಿಸಿ, ಅವನು ಔತಣ ಹಾಕಿಸಿದ. 1986ರಲ್ಲಿ ಗಿರಣಿ ಮುಚ್ಚಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬುವರು ಕೊಂಡುಕೊಂಡರು, ಈಗ ಅಲ್ಲಿ ಚಿತ್ರಶಾಲೆ, ಪುಸ್ತಕದ ಅಂಗಡಿ, ಊಟದ ಮನೆ ಎಲ್ಲ ಇವೆ. ಮುಂಬೈಯದು ಇನ್ನೊಂದು ಬಗೆ. 1982ರ ಮುಷ್ಕರದಲ್ಲಿ ಎರಡೂವರೆ ಲಕ್ಷ ಜವಳಿ ಕೆಲಸಗಾರರು ಹೊರಗೆ ಬಂದರು, ಬಹಳ ಮಂದಿಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಆಮೇಲೆ ಆ ಗಿರಣಿಗಳ ಆವರಣದಲ್ಲಿ ಹೋಟೆಲುಗಳು ಎದ್ದವು. 2017ರ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದ ತಾರಸಿ ಹೋಟೆಲುಗಳಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. ಅಂದಿನಿಂದ ಇಂಥ ಕಡೆ ಕೂತರೆ ನಾನು ಮೊದಲು ಬಾಗಿಲು ಎಣಿಸುತ್ತೇನೆ. ನಮ್ಮ ಗಿರಣಿಗೆ ಗಾಡಿ ಒಳಗೆ ಬಂದು ಇನ್ನೊಂದು ಕಡೆಯಿಂದ ಹೋಗಲು ಎರಡು ದೊಡ್ಡ ಬಾಗಿಲುಗಳಿದ್ದವು. ಒಂದನ್ನು ಹಣ್ಣಿನ ರಸದ ಕಟ್ಟೆ ಕಟ್ಟಿ ಮುಚ್ಚಿದ್ದಾರೆ. ಇದನ್ನು ಮಾತ್ರ ನಾನು ಮಾಲೀಕರಿಗೆ ಬರೆದು ತಿಳಿಸಿದ್ದೇನೆ.

ನಮ್ಮ ಸೀಮೆಯ ಎಲ್ಲ ಗಿರಣಿಗಳೂ ಹೋಟೆಲಾಗಲು ಒಗ್ಗುವುದಿಲ್ಲ ಬಿಡಿ. ಚಿಂತಾಮಣಿ ಕಡೆಯ ಕಡಲೆಕಾಯಿ ಎಣ್ಣೆಯ ಗಿರಣಿಗಳ ಗೋಡೆ ಎಣ್ಣೆ ಕುಡಿದು ಕೂತಿರುತ್ತದೆ, ಬಣ್ಣ ಹಿಡಿಯುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮನೆಯನ್ನು ಊಟದ ಮನೆ ಮಾಡಲು ಹೊರಟವರಿಗೆ ನನ್ನ ಕೈಮುಗಿತ. ಬೆಂದ ಗೂಡಿನ ಹುಳುವಿನ ವಾಸನೆ ಆ ನೆಲದಿಂದ ಹೋಗಬೇಕಾದರೆ ಎಷ್ಟು ಮಳೆಗಾಲ ಬೇಕೋ. ಅಕ್ಕಿ ಗಿರಣಿ ಮಾತ್ರ ವಾಸನೆಯಲ್ಲೂ ಊಟಕ್ಕೆ ಹತ್ತಿರ. ಬಿಸಿ ತೌಡಿನ ವಾಸನೆ, ಬೆಲ್ಟ್ ಜಾರದಿರಲು ಹಚ್ಚುತ್ತಿದ್ದ ರಾಳದ ವಾಸನೆ.

ಊಟ ಮುಗಿದಾಗ ಹತ್ತೂವರೆ ದಾಟಿತ್ತು. ಕೈ ತೊಳೆಯಲು ಹಿಂದಕ್ಕೆ ಹೋದವನು ದಾರಿ ತಪ್ಪಿ, ನಿಜ ಹೇಳಬೇಕೆಂದರೆ ದಾರಿ ಚೆನ್ನಾಗಿ ಗೊತ್ತಿದ್ದು, ಹಿಂದಿನ ಚಾವಡಿಗೆ ಹೋದೆ. ಹೆಂಗಸರು ಒನೆಯುತ್ತಿದ್ದ ಜಾಗ ಈಗ ಅಡುಗೆಮನೆಯ ಹಿತ್ತಿಲು. ಐದಾರು ಮಂದಿ ಕೆಲಸಗಾರರು ಸ್ಟೀಲ್ ತಟ್ಟೆ ಹಿಡಿದು ನೆಲಕ್ಕೆ ಕೂತಿದ್ದರು. ತಟ್ಟೆಯಲ್ಲಿ ಮುದ್ದೆ. ರಾಗಿಯ ಕಂದು ಬಣ್ಣದ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆ.

"ನುಚ್ಚು ಹಾಕಿದ್ದೀರಾ?" ಎಂದೆ.

ಅಡುಗೆಯವನು ಪಾವಗಡದ ಕಡೆಯವನು. ಗಿರಾಕಿ ಹಿತ್ತಿಲಿಗೆ ಬಂದದ್ದಕ್ಕೆ ಗಾಬರಿಯಾಗಿ ಎದ್ದು ನಿಂತ. "ಇದು ನಮ್ಮ ಊಟ ಸರ್, ಗಿರಾಕಿಗಳಿಗೆ ಕೊಡುವುದಲ್ಲ" ಎಂದ. ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ ಹೇಳಿದ. ಎಸರು ಕುದಿಯುವಾಗ ತೊಳೆದ ನುಚ್ಚು ಹಾಕಬೇಕು, ಅದು ಅರಳಿ ಮೆತ್ತಗಾದ ಮೇಲೆ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನೆಟ್ಟು, ಮುಚ್ಚಿ ಬೇಯಿಸಿ, ಆಮೇಲೆ ತಿರುವಬೇಕು. ಬರೀ ರಾಗಿಯ ಮುದ್ದೆಗಿಂತ ಇದು ಮೆತ್ತಗೆ, ಗಂಟಲಿನಲ್ಲಿ ಸಲೀಸಾಗಿ ಇಳಿಯುತ್ತದೆ. ಅವನ ಊರಿನಲ್ಲಿ ಇದನ್ನು ಸಂಗಟಿ ಎನ್ನುತ್ತಾರಂತೆ. ನನ್ನ ತಾಯಿ ಮಾಡುತ್ತಿದ್ದದ್ದೂ ಹೀಗೆಯೇ, ಒಂದು ಹಂತವೂ ಬೇರೆಯಲ್ಲ.

ನನಗೂ ಒಂದು ಮುದ್ದೆ ಬೇಕು ಎಂದೆ. ಅವನು ಮುಖ ನೋಡಿದ. ಸೂಪು, ಪುಲಾವ್, ಬಸ್ಸಾರು, ಹುಟ್ಟುಹಬ್ಬದ ಕೇಕು ಎಲ್ಲ ಮುಗಿಸಿದ ಅರವತ್ತು ದಾಟಿದ ಮನುಷ್ಯ. ಆದರೂ ಒಂದು ಸಣ್ಣ ಉಂಡೆ ಕಟ್ಟಿ, ಗುಂಡಿ ಮಾಡಿ, ಸಾರು ಬಿಟ್ಟುಕೊಟ್ಟ. ಮೇಜಿಗೆ ಕಳಿಸುತ್ತೇನೆ ಎಂದ. ಬೇಡ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದೆ. ಮಗಳು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಏನೂ ಕೇಳಲಿಲ್ಲ, ಪಕ್ಕದಲ್ಲಿ ಕೂತು ನನ್ನ ತಟ್ಟೆಯಿಂದ ಒಂದು ತುತ್ತು ಮುರಿದುಕೊಂಡಳು. ಆಗ ಹೇಳಿದೆ, ಇಲ್ಲಿ ನಿನ್ನ ಅಜ್ಜ ಕೆಲಸ ಮಾಡುತ್ತಿದ್ದರು ಎಂದು.

ಬಿಲ್ಲು ಮಾಡುವಾಗ ಸಮಸ್ಯೆಯಾಯಿತು. ಮುದ್ದೆಗೆ ದುಡ್ಡು ಬೇಡವೆಂದು ಅಡುಗೆಯವನು, ಕೊಟ್ಟೇ ತೀರುತ್ತೇನೆಂದು ನಾನು. ಕಂಪ್ಯೂಟರಿನಲ್ಲಿ ಆ ಹೆಸರಿನ ತಿಂಡಿಯೇ ಇಲ್ಲವೆಂದು ಹುಡುಗ. ಕೊನೆಗೆ ಅವನೇ ಉಪಾಯ ಮಾಡಿದ. ಆ ಚೀಟಿ ಇನ್ನೂ ನನ್ನ ಜೇಬಿನಲ್ಲಿದೆ, ಬೇಕಾದರೆ ತೋರಿಸುತ್ತೇನೆ. ಕೊನೆಯ ಸಾಲಿನಲ್ಲಿ 'ಹಪ್ಪಳ, ಹೆಚ್ಚುವರಿ, 1' ಎಂದಿದೆ.